ಹೈಪೊಕಾಂಡ್ರಿಯಾ

ಗ್ರೀಕಿನಲ್ಲಿ ‘ಹೈಪೊ’ ಎಂದರೆ ಕೆಳಗೆ, ‘ಖಾಂಡ್ರೋಸ್’ ಎಂದರೆ ಮೃದ್ವಸ್ಥಿ. ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗೆ ಯಕೃತ್ತು, ಗುಲ್ಮಗಳಿರುವ ಜಾಗಕ್ಕೆ ಹಳೆಯ ಗ್ರೀಕ್ ವೈದ್ಯರು ಇಟ್ಟ ಹೆಸರಿದು. ಇವತ್ತೂ ವೈದ್ಯರು ಹೊಟ್ಟೆ ಒತ್ತಿ ನೋಡಿ ‘ಬಲ ಹೈಪೊಕಾಂಡ್ರಿಯಂನಲ್ಲಿ ನೋವು’ ಎಂದು ಬರೆಯುವುದು ಇದೇ ಅರ್ಥದಲ್ಲಿ. ಅಲ್ಲಿನ ಕಪ್ಪು ಪಿತ್ತದಿಂದ ಏಳುವ ಆವಿ ತಲೆಗೇರಿ ಮನಸ್ಸು ಕಂಗೆಡಿಸುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಶತಮಾನಗಳ ಕಾಲ ಉಳಿದಿತ್ತು. ಜಾಗದ ಹೆಸರು ಹೀಗೆ ಮಂಕುತನಕ್ಕೆ, ಆಮೇಲೆ ಕಾಯಿಲೆಯ ಭಯಕ್ಕೆ ಅಂಟಿತು. 1673ರಲ್ಲಿ ಫ್ರೆಂಚ್ ನಾಟಕಕಾರ ಮೋಲಿಯೇರ್ ಕಾಲ್ಪನಿಕ ರೋಗಿಯನ್ನು ರಂಗಕ್ಕೆ ತಂದು ಪ್ಯಾರಿಸ್ಸನ್ನು ನಗಿಸಿದ.

ಆ ನಗು ಪದವನ್ನು ಬಿಡಲೇ ಇಲ್ಲ. ‘ಅವರಿಗೇನೂ ಇಲ್ಲ, ಬರೀ ಭ್ರಮೆ’ ಎಂದು ಮನೆಯವರು ಸುಲಭವಾಗಿ ಹೇಳಿಬಿಡುತ್ತಾರೆ. ಇದು ದೊಡ್ಡ ಅನ್ಯಾಯ. ನಡುರಾತ್ರಿ ಎದ್ದು ಕುಳಿತು ನಾಡಿ ಎಣಿಸುವವರ ಎದೆಬಡಿತ, ಬೆವರು ಎಲ್ಲವೂ ನಿಜವೇ.

ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, 2013ರಲ್ಲಿ ಈ ಹೆಸರನ್ನು ಕೈಬಿಟ್ಟು ಬದಲಿಗೆ ಎರಡು ಹೆಸರು ತಂದಿತು. ದೇಹದ ತೊಂದರೆಯೇ ಬದುಕನ್ನು ಆವರಿಸಿದ್ದರೆ ‘ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್’. ತೊಂದರೆ ಇಲ್ಲದೆ ಅಥವಾ ಅಲ್ಪವಿದ್ದು ರೋಗದ ಭಯವೇ ಹೆಚ್ಚಿದ್ದರೆ ‘ಇಲ್ನೆಸ್ ಆಂಗ್ಸೈಟಿ ಡಿಸಾರ್ಡರ್’. ಮೊದಲನೆಯದರಲ್ಲಿ ರಕ್ತಪರೀಕ್ಷೆಯಲ್ಲಿ ಕಾರಣ ಸಿಕ್ಕಿತೋ ಇಲ್ಲವೋ ಮುಖ್ಯವಲ್ಲ. ಹೃದ್ರೋಗ ಇದ್ದವರಿಗೂ ಇದು ಬರಬಹುದು. ಮತ್ತೊಂದು ಸ್ಕ್ಯಾನ್ ಮಾಡಿಸಿದರೆ ಭಯ ನಾಲ್ಕು ದಿನ ತಗ್ಗಿ ಮತ್ತೆ ಏರುತ್ತದೆ. ನಂಬಿಕೆಯ ಒಬ್ಬರೇ ವೈದ್ಯರನ್ನು ಗೊತ್ತುಪಡಿಸಿದ ದಿನ ಕಾಣುವುದು, ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಹೆಚ್ಚು ನೆರವಾಗುತ್ತವೆ.