ಗುಡುಗುಮಳೆಯ ಆಯುಷ್ಯ: ಒಂದು ಶೋಧದ ಇತಿಹಾಸ

ಗುಡುಗುಮಳೆಯ ಶಾಸ್ತ್ರೇತಿಹಾಸವನ್ನು, ಫ್ರಾಂಕ್ಲಿನ್ನನ ಸೂಚನೆಯಂತೆ 1752ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ಮಾರ್ಲಿ ಗ್ರಾಮದಲ್ಲಿ ನಡೆದ ವಿದ್ಯುತ್ಪ್ರಯೋಗದಿಂದ ಆರಂಭಿಸುವುದು ವಾಡಿಕೆ. ಆದರೆ ಸಿಡಿಲಿನ ಪ್ರಭೆಯೇ ವಿದ್ವಾಂಸರ ದೃಷ್ಟಿಯನ್ನು ಸೆರೆಹಿಡಿದು, ಆ ಸಿಡಿಲಿಗೆ ಜನ್ಮಸ್ಥಾನವಾದ ಮೋಡದೊಳಗಿನ ವಾಯುಸಂಚಾರವನ್ನು ದೀರ್ಘಕಾಲ ಮರೆಯಲ್ಲಿರಿಸಿತೆಂಬುದು ನನ್ನ ಅಭಿಪ್ರಾಯ.

ಆ ಸಂಚಾರದ ಮರ್ಮವನ್ನು ಹಿಡಿದವರಲ್ಲಿ ಅಗ್ರಗಣ್ಯನು ಅಮೆರಿಕದ ಜೇಮ್ಸ್ ಎಸ್ಪಿ. ನೆಲದ ಕಾವಿಗೆ ಹಗುರಾಗಿ ಮೇಲೇರಿದ ಆರ್ದ್ರವಾಯು ಹಿಗ್ಗಿ ತಣಿಯುವುದೆಂದೂ, ಅದರೊಳಗಿನ ಆವಿ ಹನಿಗಟ್ಟುವಾಗ ಬಿಡುಗಡೆಯಾಗುವ ಗುಪ್ತೋಷ್ಣವೇ ಆ ವಾಯುವನ್ನು ಇನ್ನೂ ಮೇಲಕ್ಕೆ ನೂಕುವುದೆಂದೂ ಆತನು 1841ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ನಮ್ಮ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಚಾರ್ಲ್ಸ್ ನಾರ್ಮಂಡನು 1938ರಲ್ಲಿ, ಮೇಲ್ನೋಟಕ್ಕೆ ಸ್ಥಿರವಾಗಿರುವ ವಾತಾವರಣದಲ್ಲಿಯೂ, ಆರ್ದ್ರವಾಯುವನ್ನು ಒಂದು ಎತ್ತರದವರೆಗೆ ಏರಿಸಿಬಿಟ್ಟರೆ ಅಲ್ಲಿಂದಾಚೆಗೆ ಅದು ತಾನಾಗಿಯೇ ಏರುವಷ್ಟು ಶಕ್ತಿ ಅಡಗಿರಬಹುದೆಂದು ನಿರೂಪಿಸಿದನು. ಮೋಡದ ಹುಟ್ಟಿಗೆ ಕಾರಣ ದೊರೆಯಿತು. ಅದರ ಅವಸಾನಕ್ಕೆ ಮಾತ್ರ ದೊರೆತಿರಲಿಲ್ಲ.

ಅದು ದೊರೆತದ್ದು, ದ್ವಿತೀಯ ಮಹಾಯುದ್ಧ ಮುಗಿದೊಡನೆ, ಹೊರೇಸ್ ಬೈಯರ್ಸನ ನೇತೃತ್ವದಲ್ಲಿ 1946ರಲ್ಲಿ ಫ್ಲಾರಿಡಾದಲ್ಲಿಯೂ 1947ರಲ್ಲಿ ಒಹಾಯೋದಲ್ಲಿಯೂ ನಡೆದ ಮಹಾಪರೀಕ್ಷೆಯಿಂದ. ಯುದ್ಧಕ್ಕೆಂದು ಕಟ್ಟಿದ್ದ ಪಿ-61 ವಿಮಾನಗಳು ಒಂದರ ಮೇಲೊಂದು 5,000 ಅಡಿಗಳ ಅಂತರದಲ್ಲಿ, ಐದು ಮಟ್ಟಗಳಲ್ಲಿ, ಒಂದೇ ಮೋಡವನ್ನು ಹೊಕ್ಕು ಹೊರಬರುತ್ತಿದ್ದವು. ಕೆಳಗಿನಿಂದ ರೇಡಾರು ಅವುಗಳನ್ನು ಹಿಂಬಾಲಿಸುತ್ತಿತ್ತು. ಗಾಳಿ ಎತ್ತಿದರೆ ಏರಬೇಕು, ಕುಕ್ಕಿದರೆ ಇಳಿಯಬೇಕು, ಎತ್ತರವನ್ನು ಕಾಯ್ದುಕೊಳ್ಳಲು ಹೆಣಗಬಾರದು ಎಂಬುದು ಚಾಲಕರಿಗಿದ್ದ ಆದೇಶ. ವಿಮಾನದ ಏರಿಳಿತವೇ ಗಾಳಿಯ ವೇಗದ ಅಳತೆಯಾಗಬೇಕಾಗಿತ್ತು. ಸಿಡಿಲಿನ ಹೊಡೆತಗಳನ್ನು ತಿಂದೂ ಒಂದು ವಿಮಾನವೂ ನಷ್ಟವಾಗಲಿಲ್ಲ. ಆ ಚಾಲಕರ ಧೈರ್ಯಕ್ಕೆ ಈ ಶಾಸ್ತ್ರವು ಚಿರಋಣಿಯಾಗಿದೆ.

ಬೈಯರ್ಸ್ ಮತ್ತು ರಾಸ್ಕೋ ಬ್ರಹಾಂ 1949ರಲ್ಲಿ ಪ್ರಕಟಿಸಿದ ವರದಿಯಂತೆ, ದೊಡ್ಡ ಮೋಡವು ಹಲವು ಕೋಶಗಳ ಸಮುದಾಯ. ಪ್ರತಿಯೊಂದು ಕೋಶಕ್ಕೂ ಬಾಲ್ಯ, ಪ್ರೌಢತೆ, ಕ್ಷಯಗಳೆಂಬ ಮೂರು ಅವಸ್ಥೆಗಳು. ಬಾಲ್ಯದಲ್ಲಿ ಎಲ್ಲೆಡೆಯೂ ಊರ್ಧ್ವಪ್ರವಾಹವೇ. ಹನಿಗಳೂ ಹಿಮಕಣಗಳೂ ಭಾರವಾಗಿ ಬೀಳತೊಡಗಿದಾಗ, ಅವು ಸುತ್ತಲಿನ ವಾಯುವನ್ನು ತಮ್ಮೊಡನೆ ಎಳೆಯುತ್ತವೆ. ಅರ್ಧದಾರಿಯಲ್ಲಿ ಆವಿಯಾಗಿ ಅದನ್ನು ತಣಿಸುತ್ತವೆ. ಹೀಗೆ ಅಧಃಪ್ರವಾಹವು ಹುಟ್ಟಿ ಪ್ರೌಢಾವಸ್ಥೆ ಮೊದಲಾಗುತ್ತದೆ. ಮುಂಗಾರಿಗೆ ಮುನ್ನ, ಬೇಸಗೆಯ ಸಂಜೆ, ಮೊದಲ ಹನಿಗಿಂತ ಮುಂಚೆ ಧೂಳೆಬ್ಬಿಸಿಕೊಂಡು ಬರುವುದೆಂದು ನಮ್ಮ ಬಯಲುಸೀಮೆಯ ರೈತನು ಬಲ್ಲ ತಣ್ಣನೆಯ ಗಾಳಿಯು ಈ ಅಧಃಪ್ರವಾಹವೇ ನೆಲಕ್ಕೆ ತಾಗಿ ಹರಡಿದ್ದು. ಅದು ಮೋಡದ ಬುಡವನ್ನೆಲ್ಲ ವ್ಯಾಪಿಸಿದಾಗ ಬೆಚ್ಚನೆಯ ಆವಿಯ ಪೂರೈಕೆ ನಿಂತು, ಸುಮಾರು ಒಂದು ಗಂಟೆಯೊಳಗೆ ಕೋಶವು ಅಳಿಯುತ್ತದೆ. ತಾನು ಹೆತ್ತ ಮಳೆಯೇ ಮೋಡಕ್ಕೆ ಮೃತ್ಯುವೆಂಬ ಈ ನಿರ್ಣಯವು ಎಸ್ಪಿಯ ವಾದಕ್ಕೆ ಶತಮಾನದ ಬಳಿಕ ದೊರೆತ ಉತ್ತರಾರ್ಧ.

ಆದರೆ ಗಂಟೆಗಟ್ಟಲೆ ಬದುಕುವ ಬಿರುಮಳೆಗಳೂ ಉಂಟಷ್ಟೆ. 1959ರ ಜುಲೈ 9ರಂದು ಇಂಗ್ಲೆಂಡಿನ ವೋಕಿಂಗ್‌ಹ್ಯಾಮಿನಲ್ಲಿ ಆಲಿಕಲ್ಲು ಸುರಿಸಿದ ಮಳೆಯನ್ನು ರೇಡಾರಿನಿಂದ ಪರಿಶೀಲಿಸಿದ ಕೀತ್ ಬ್ರೌನಿಂಗ್ ಮತ್ತು ಫ್ರಾಂಕ್ ಲಡ್ಲಂ ಇದಕ್ಕೆ ಕಾರಣವನ್ನು ತೋರಿಸಿದರು: ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಬದಲಾಗುವಲ್ಲಿ ಊರ್ಧ್ವಪ್ರವಾಹವು ಓರೆಯಾಗಿ ನಿಲ್ಲುವುದರಿಂದ, ಮಳೆಯು ಅದರ ಹೊರಗೆ ಬಿದ್ದು, ಮೋಡದ ಪ್ರಾಣಮೂಲಕ್ಕೆ ಧಕ್ಕೆಯಾಗುವುದಿಲ್ಲ.