ಒಬ್ಬಾಕಿಗೆ ಒಂದು ತಾಟು

ನಮ್ಮ ಐಗಳಿಯ ಹೆಂಗಸರು ಊರು ಬಿಟ್ಟು ಹೊರಟರೆಂದರೆ ಕೈಯಲ್ಲಿ ಬುತ್ತಿ ಇದ್ದೇ ಇರಬೇಕು. ಅಥಣಿಯ ಸಂತೆಗೆ ಹೋದ ಗಂಡಸರು ಖಾನಾವಳಿಯಲ್ಲಿ ಕೂತು ಬಿಸಿ ರೊಟ್ಟಿ, ಝುಣಕ ಉಂಡು ಬರುತ್ತಿದ್ದರು. ಅವ್ವ, ಚಿಗವ್ವ ಮಾತ್ರ ಯಾವುದಾದರೊಂದು ಗಿಡದ ನೆರಳು ಹುಡುಕಿ, ರಸ್ತೆಗೆ ಬೆನ್ನು ಮಾಡಿ ಬುತ್ತಿ ಬಿಚ್ಚುತ್ತಿದ್ದರು. ವಿಚಿತ್ರವೆಂದರೆ ಆ ಖಾನಾವಳಿಯ ಒಳಗೆ ರೊಟ್ಟಿ ಬಡಿಯುತ್ತಿದ್ದವರೂ ಹೆಂಗಸರೇ.

1985ರಲ್ಲಿ ನೌಕರಿಯ ತರಬೇತಿಗೆಂದು ನಾನು ಮೂರು ತಿಂಗಳು ಮುಂಬಯಿಯಲ್ಲಿರಬೇಕಾಯಿತು. ಮಿರಜದ ತನಕ ಅಣ್ಣ ಬಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿಸಿದ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಟು ದಿನಕ್ಕೆ ತೀರಿದವು. ಹಾಸ್ಟೆಲಿನಲ್ಲಿ ರವಿವಾರ ರಾತ್ರಿ ಅಡಿಗೆ ಇರುತ್ತಿರಲಿಲ್ಲ. ಹಸಿವೆ ತಡೆಯದೆ ಹೊರಬಿದ್ದವಳು ಒಂದು ಹೋಟೆಲಿನ ಮುಂದೆ ಮೂರು ಸಲ ಅತ್ತಿತ್ತ ಅಡ್ಡಾಡಿದೆ. ನಾಲ್ಕನೆಯ ಸಲ ಧೈರ್ಯ ಮಾಡಿ ಒಳಗೆ ಕಾಲಿಟ್ಟೆ.

ಗಲ್ಲೆಯ ಮೇಲಿದ್ದಾತ ಮಾತಾಡದೆ ಒಂದು ಪರದೆಯ ಕಡೆ ಬೆರಳು ತೋರಿಸಿದ. ಅದು ಫ್ಯಾಮಿಲಿ ರೂಮು. ಎರಡು ಮೇಜು, ತಿರುಗದ ಫ್ಯಾನು. ಮಾಣಿ ಬಂದು, "ಔರ್ ಕೌನ್ ಆನೇವಾಲಾ ಹೈ?" ಎಂದ. ಯಾರೂ ಇಲ್ಲವೆಂದೆ. ಅವನು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ ಹೋದವನು ಮರಳಿ ಬರಲಿಲ್ಲ. ಅಷ್ಟರಲ್ಲಿ ಐದು ಜನರ ಸಂಸಾರವೊಂದು ಬಂತು. ನನ್ನನ್ನು ಎಬ್ಬಿಸಿ ಅವರನ್ನು ಕೂಡ್ರಿಸಿದರು. ಫ್ಯಾಮಿಲಿ ಎಂದರೆ ಅವರೇ ತಾನೆ! ಆ ರಾತ್ರಿ ನೀರು ಕುಡಿದು ಮಲಗಿದೆ.

ಹಳ್ಳಿಯಿಂದ ಹೋದವಳೆಂದು ನನಗೆ ಹೀಗಾಯಿತು ಎಂದೇ ಬಹಳ ದಿನ ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು: 1907ರಲ್ಲಿ ನ್ಯೂಯಾರ್ಕಿನಂಥ ನ್ಯೂಯಾರ್ಕಿನಲ್ಲಿ ಹ್ಯಾರಿಯಟ್ ಸ್ಟಾಂಟನ್ ಬ್ಲಾಚ್ ಎಂಬ ಹೆಸರುವಾಸಿ ಹೋರಾಟಗಾರ್ತಿ ಗೆಳತಿಯೊಡನೆ ಒಂದು ಹೋಟೆಲಿಗೆ ಹೋದರೆ, ಜೊತೆಗೆ ಗಂಡಸಿಲ್ಲವೆಂದು ಊಟ ಬಡಿಸಲಿಲ್ಲವಂತೆ. ಆಕೆ ಕೋರ್ಟಿಗೆ ಹೋದರು, ಸೋತರು. ಲಂಡನ್ನಿನ ಹೆಂಗಸರು ಸ್ವಲ್ಪ ಪುಣ್ಯವಂತರು. ಅಲ್ಲಿ 1864ರಲ್ಲಿ ಬ್ರೆಡ್ಡಿನ ಕಂಪನಿಯೊಂದು ಚಹದಂಗಡಿ ತೆರೆಯಿತು. ಒಂಟಿ ಹೆಣ್ಣು ಯಾರ ಮಾತೂ ಕೇಳದೆ ಕೂತು ತಿನ್ನಬಹುದಾದ ಜಾಗಗಳಾಗಿ ಅಂಥ ಅಂಗಡಿಗಳು ಊರ ತುಂಬ ಹಬ್ಬಿದವು.

ನಮ್ಮ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅದರ 15ನೆಯ ವಿಧಿಯ ಪ್ರಕಾರ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳಿಗೆ ಹೋಗದಂತೆ ಧರ್ಮ, ಜಾತಿ, ಲಿಂಗ, ಹುಟ್ಟೂರುಗಳ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ದಲಿತರಿಗೆ ಬೇರೆ ಕಪ್ಪು ಇಡುತ್ತಿದ್ದ ಚಹದಂಗಡಿಗಳ ನಾಡು ನಮ್ಮದು. ಆ ಗಾಯದ ಮುಂದೆ ನನ್ನದು ಗೀರು. ಆದರೂ ಆ ಸಾಲಿನಲ್ಲಿ ಲಿಂಗ ಎಂಬ ಮಾತನ್ನು ಮೊದಲ ಸಲ ಓದಿದಾಗ, ಆ ಮಾಣಿ ನೆನಪಾಗಿ ಒಬ್ಬಳೇ ನಕ್ಕೆ.

ಮುಂದಿನ ರವಿವಾರ ಹಾಸ್ಟೆಲಿನ ಮರಾಠಿ ಗೆಳತಿ ನನ್ನನ್ನು ಲಾಲಬಾಗಿನ ತಮ್ಮ ಮನೆಗೆ ಕರೆದೊಯ್ದಳು. ಒಂದೇ ಖೋಲಿ. ಅದೇ ಮನೆ, ಅದೇ ಖಾನಾವಳಿ. ಗಿರಣಿ ಕೆಲಸಕ್ಕೆಂದು ಹೆಂಡತಿ ಮಕ್ಕಳನ್ನು ಕೊಂಕಣದ ಹಳ್ಳಿಗಳಲ್ಲಿ ಬಿಟ್ಟು ಬಂದ ಗಂಡಸರಿಗೆ ಇಂಥ ತಾಯಂದಿರು ತಿಂಗಳ ಲೆಕ್ಕದಲ್ಲಿ ಅನ್ನ ಹಾಕುತ್ತಿದ್ದರು. ಪಗಾರದ ದಿನದ ತನಕ ಉದ್ರಿ. ಕಿರಾಣಿಗೆ ಮಾತ್ರ ಸಾವಕಾರನ ಬಡ್ಡಿ ಸಾಲ. 1975ರಲ್ಲಿ ಪ್ರೇಮಾ ಪುರವ ಎಂಬವರು ಈ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ, ಬ್ಯಾಂಕಿನಿಂದ ಸಾಲ ಕೊಡಿಸಿದರು. ಒಲೆಯ ಮುಂದೆ ಬೆಂದವಳ ಹೆಸರಿಗೆ ಬ್ಯಾಂಕಿನ ಕಾಗದ! ಗೋವಾ ವಿಮೋಚನೆಗಾಗಿ ಹೋರಾಡಿದ್ದ ಆಕೆಗೆ 2002ರಲ್ಲಿ ಪದ್ಮಶ್ರೀ ಬಂತು.

ನಾನು ಹೋದಾಗ 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಆ ಓಣಿಗಳ ಕಸುವನ್ನೇ ಹೀರಿಬಿಟ್ಟಿತ್ತು. ಕೆಲಸ ಹೋದವರು ಬಾಕಿ ತೀರಿಸದೆ ಊರು ಸೇರಿದ್ದರು. ಗೆಳತಿಯ ತಾಯಿ ಬಾಕಿ ವಹಿ ತೆಗೆದು ತೋರಿಸಿದರು, ಬೈಯಲಿಲ್ಲ. ನೆಲದ ಮೇಲೆ ಉಣ್ಣುವವರ ಸಾಲಿನಲ್ಲಿ ನನ್ನನ್ನೂ ಕೂಡ್ರಿಸಿ ಭಾಕರಿ ಬಡಿಸಿದರು. ಆಚೀಚೆ ನಾಲ್ಕು ಗಂಡಸರು. ಯಾರೂ ತಲೆಯೆತ್ತಿ ನೋಡಲಿಲ್ಲ.

ಮೊನ್ನೆ ಅಥಣಿಯಲ್ಲಿ ಕೋರ್ಟಿನ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಒಬ್ಬಳೇ ಖಾನಾವಳಿಗೆ ಹೋಗಿ ಎಲ್ಲರ ನಡುವಿನ ಮೇಜಿನಲ್ಲೇ ಕೂತೆ. ಒಳಗಿನಿಂದ ಯಜಮಾನಿ ಸೆರಗಿಗೆ ಕೈ ಒರೆಸುತ್ತ ಬಂದಳು.

"ಒಬ್ಬಾಕೀನ ಏನ್ರಿ ಅಕ್ಕಾರ?"

"ಹೌದವ್ವಾ, ಒಬ್ಬಾಕೀನ."

"ಹಂಗಾದ್ರ ಬಿಸೀದು ಹಾಕ್ತೀನಿ ತಡೀರಿ" ಎಂದು ರೊಟ್ಟಿ, ಎಣ್ಣೆಗಾಯಿ ತಂದಿಟ್ಟಳು. ನನ್ನದು ಮುಗಿಯುತ್ತ ಬಂದಾಗ, "ನೀ ಉಂಡೇನವ್ವಾ?" ಎಂದು ಕೇಳಿದೆ.

"ನಾಕು ಹೊಡೀಲಿ ಬಿಡ್ರಿ, ಮಂದಿ ಕರಗಲಿ" ಎಂದವಳೇ ಮತ್ತೊಂದು ತಾಟು ತರಲು ಒಳಗೆ ಹೋದಳು.