ಬಂದೀಗೃಹದ ಭಿತ್ತಿಯೂ ಚಿತ್ರಸೂತ್ರದ ವಿಧಿಯೂ

ವಾಸಗೃಹಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ರಸಗಳ ಚಿತ್ರಗಳು ಮಾತ್ರ ಸಲ್ಲುವುವೆಂದೂ, ರಾಜಸಭೆಯಲ್ಲಿಯೂ ದೇವಾಲಯದಲ್ಲಿಯೂ ಸರ್ವರಸಗಳೂ ಸಲ್ಲುವುವೆಂದೂ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ವಿಧಿಸುತ್ತದೆ. ಹಾಗಾದರೆ ಸೆರೆಮನೆಯ ಗೋಡೆಯು ಯಾವ ವರ್ಗಕ್ಕೆ ಸೇರತಕ್ಕದ್ದು? ನ್ಯೂಯಾರ್ಕ್ ನಗರದ ಒಂದು ಪ್ರಸಂಗವು ಈ ವಿಚಾರಕ್ಕೆ ಎಡೆಗೊಡುತ್ತದೆ.

ಲಿಥುವೇನಿಯದಲ್ಲಿ 1898ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಬೆನ್ ಶಾನನು ದೀನರ ಬಾಳನ್ನೇ ವಸ್ತುವಾಗಿ ಆರಿಸಿಕೊಂಡ ಚಿತ್ರಕಾರನು. 1933ರಲ್ಲಿ ದಿಯೆಗೊ ರಿವೇರನಿಗೆ ಭಿತ್ತಿಚಿತ್ರದಲ್ಲಿ ಸಹಾಯಕನಾಗಿದ್ದವನು. ರೈಕರ್ಸ್ ದ್ವೀಪದ ಸೆರೆಮನೆಯ ಉದ್ದವಾದ ಪಡಸಾಲೆಗಾಗಿ ಇವನೂ ಲೂ ಬ್ಲಾಕನೂ ಕೂಡಿ 1934ರಲ್ಲಿ ಕರಡು ಚಿತ್ರಗಳನ್ನು ತೊಡಗಿದರು. ಸೆರೆಮನೆಗಳನ್ನು ಸ್ವತಃ ಕಂಡು, ಛಾಯಾಚಿತ್ರಗಳನ್ನು ತೆಗೆದು, ಅವುಗಳ ಆಧಾರದಿಂದ ಬರೆದವು ಅವು. ಒಂದು ಗೋಡೆಗೆ ಹಳೆಯ ದಂಡನೆಯ ಕ್ರೌರ್ಯ, ಎದುರು ಗೋಡೆಗೆ ಸುಧಾರಣೆ—ಇದೇ ಯೋಜನೆ. ನಗರಾಧ್ಯಕ್ಷನಾದ ಲಾಗಾರ್ಡಿಯನು ಒಪ್ಪಿದರೂ, ಇವು ಬಂದಿಗಳ ಮನಸ್ಸಿಗೆ ಅಹಿತವೆಂದು ನಗರದ ಕಲಾಮಂಡಲಿಯು 1935ರಲ್ಲಿ ನಿರಾಕರಿಸಿತು.

ಮಂಡಲಿಯು ಸೆರೆಮನೆಯನ್ನು ವಾಸಗೃಹದಂತೆ ಎಣಿಸಿತು; ಚಿತ್ರಕಾರನು ಸಭೆಯಂತೆ ಎಣಿಸಿದನು. ಎರಡನೆಯದೇ ಯುಕ್ತವೆಂದು ತೋರುತ್ತದೆ. ಕ್ರೌರ್ಯವನ್ನು ಬಂದಿಯು ಚಿತ್ರದಿಂದ ಕಲಿಯಬೇಕಾದುದಿಲ್ಲ. ಸುಧಾರಣೆಯನ್ನು ಗೋಡೆಯ ಮೇಲೆ ಬರೆದರೆ ಮಾತ್ರ, ಅದನ್ನು ತನ್ನ ದಿನಚರಿಯೊಡನೆ ಅವನು ನಿತ್ಯವೂ ಹೋಲಿಸಿ ನೋಡಬಲ್ಲನು. ಆಳುವವರ ವಚನಕ್ಕೆ ಅದು ಶಿಲಾಶಾಸನದಂತೆ ಸಾಕ್ಷಿಯಾಗುತ್ತದೆ. ಆ ಶಾಸನವು ಗೋಡೆಯನ್ನೇರಲಿಲ್ಲ. ಕರಡುಗಳು ಮಾತ್ರ ಉಳಿದುವು.